ತುಕ್ಕು ರೋಗದ ನಡುವೆ ಒಂದು ನಕ್ಷತ್ರ

೧೯೯೭ರಲ್ಲಿ ನಾನು ಮೂಡಿಗೆರೆ ಭಾಗಕ್ಕೆ ಕಾಫಿ ವಿಸ್ತರಣಾಧಿಕಾರಿಯಾಗಿದ್ದೆ. ಬೆಳೆಗಾರರಿಗೆ ರೋಗ, ಕೀಟಗಳ ಬಗ್ಗೆ ತಿಳಿಹೇಳುವುದು ನನ್ನ ಕೆಲಸ. ಆ ಮಾರ್ಚಿನಲ್ಲಿ ತಲೆನೋವಾಗಿದ್ದದ್ದು ಬೋರರ್, ಅಂದರೆ ಕಾಂಡಕೊರಕ ಹುಳು. ಅದು ಹೊಕ್ಕ ಅರೇಬಿಕಾ ಗಿಡವನ್ನು ಕಿತ್ತು ಸುಡದಿದ್ದರೆ ದುಂಬಿಗಳು ಹೊರಬಂದು ಪಕ್ಕದ ತೋಟಗಳನ್ನೂ ಹಾಳುಮಾಡುತ್ತವೆ. ಗೋಣಿಬೀಡಿನ ಸಣ್ಣ ಬೆಳೆಗಾರ ಪುಟ್ಟೇಗೌಡರು ಮಾತ್ರ ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ. ಮದುವೆಯಾದ ವರ್ಷ ಗಂಡ ಹೆಂಡತಿ ಸೇರಿ ನೆಟ್ಟ ಗಿಡಗಳವು. "ಮೇಲೆ ಹಸುರಾಗೇ ಇದೆಯಲ್ಲ ಸಾರ್, ಕೀಳೋಕೆ ಮನಸ್ಸಾದ್ರೂ ಹೆಂಗೆ ಬರುತ್ತೆ?" ಎನ್ನುತ್ತಿದ್ದರು.

ಅವರ ಮನವೊಲಿಸಲೆಂದೇ ಶಾಲೆಯ ಕೋಣೆಯೊಂದರ ಕಿಟಕಿಗಳಿಗೆ ಕಂಬಳಿ ಕಟ್ಟಿ ಸ್ಲೈಡ್ ಶೋ ಇಟ್ಟೆ. ಬೋರರಿಗೆ ಮೊದಲು, ಎಲೆಯ ಮೇಲೆ ಕಿತ್ತಳೆ ಪುಡಿ ಕೂರಿಸುವ ತುಕ್ಕು ರೋಗದ ನಾಲ್ಕು ಸ್ಲೈಡ್ ಆಯಿತು. ಐದನೆಯದಕ್ಕೆ ಪರದೆಯ ಮೇಲೆ ಕಿತ್ತಳೆ ಬಣ್ಣದ ಎಳೆಗಳು, ನಡುವೆ ನೀಲಿ ಮಬ್ಬು. ಅದು ನನ್ನ ಸ್ಲೈಡಲ್ಲ, ನನ್ನ ಹೆಂಡತಿಯದು. ಅವಳು ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ಮನೆಯಲ್ಲಿ ಸ್ಲೈಡ್ ಡಬ್ಬಿ ಇಬ್ಬರಿಗೂ ಒಂದೇ!

"ತುಕ್ಕು ಜೋರಾಗಿದೆ ಮಾರಾಯ!" ಎಂದರು ಹಿಂದಿನ ಬೆಂಚಿನವರೊಬ್ಬರು.

"ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆದೂ ಹೊಡೆದೂ ನಡುವೆ ನೀಲಿ ಆಗಿರೋದು" ಎಂದರು ಇನ್ನೊಬ್ಬರು.

ಹೌದೆಂದು ತೇಲಿಸಿಬಿಡಬಹುದಿತ್ತು. ಮನಸ್ಸು ಬರಲಿಲ್ಲ. "ತಪ್ಪಾಯ್ತು, ಇದು ಎಲೆಯಲ್ಲ. ಸಿಡಿದುಹೋದ ಒಂದು ನಕ್ಷತ್ರದ ಅವಶೇಷ. ಬಾಹ್ಯಾಕಾಶದಲ್ಲಿ ಸುತ್ತುವ ದೂರದರ್ಶಕ ತೆಗೆದ ಚಿತ್ರ" ಎಂದೆ. ಕೋಣೆಗೆ ಕೋಣೆಯೇ ಘೊಳ್ಳೆಂದಿತು. ನಾನೂ ನಕ್ಕೆ.

ನಗದವರು ಪುಟ್ಟೇಗೌಡರೊಬ್ಬರೇ. "ಅಲ್ಲಾ ಸಾರ್, ಸಿಡಿದ್ಮೇಲೆ ಮುಗೀತಾ ಅದರ ಕಥೆ?"

"ಇಲ್ಲ ಗೌಡ್ರೇ. ಆ ಧೂಳು ಹರಡಿ, ಮುಂದೆ ಅದರಿಂದಲೇ ಹೊಸ ನಕ್ಷತ್ರ ಹುಟ್ಟುತ್ತೆ. ನಮ್ಮ ರಕ್ತದಲ್ಲಿರೋ ಕಬ್ಬಿಣ ಕೂಡ ಹಿಂದೆ ಇಂಥ ನಕ್ಷತ್ರಗಳಿಂದಲೇ ಬಂದಿದ್ದು."

ಅವರು ಪರದೆಯನ್ನೇ ನೋಡುತ್ತ, "ಹಂಗಾದ್ರೆ ಅಲ್ಲೂ ರಿಪ್ಲಾಂಟಿಂಗ್ ಇದೆ ಅನ್ನಿ" ಎಂದರು. ಹಳೆ ಗಿಡ ಕಿತ್ತು ಹೊಸದು ನೆಡುವುದಕ್ಕೆ ತೋಟದವರು ಹೇಳುವ ಮಾತದು. ಅಬ್ಬಾ, ಇಷ್ಟು ಓದಿದ ನನಗೆ ಆ ಪದ ಹೊಳೆದಿರಲಿಲ್ಲ.

ಮರುವಾರ ಅವರೇ ಹೇಳಿಕಳಿಸಿದರು. ನಾನು ಹೋಗುವಷ್ಟರಲ್ಲಿ ಬೋರರ್ ಹೊಕ್ಕ ಗಿಡಗಳೆಲ್ಲ ಉರಿಯುತ್ತಿದ್ದವು. ಗೌಡರು ಟವೆಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. "ಸಂಕಟ ಆಗುತ್ತೆ ಸಾರ್. ಇರ್ಲಿ, ಮಳೆಗಾಲಕ್ಕೆ ಯಾವ ಸಸಿ ನೆಡ್ಲಿ, ಅದನ್ನ ಹೇಳಿ" ಎಂದರು. ನನಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು.

ಅದಕ್ಕೆ ಮೊದಲು ಅವರ ಮನೆಗೆ ಐದು ಸಲ ಹೋಗಿದ್ದೆ. ಐದು ಸಲವೂ 'ಕೀಳಿ, ಸುಡಿ' ಎಂದಷ್ಟೇ ಹೇಳಿ ಕಾಫಿ ಕುಡಿದು ಬಂದಿದ್ದೆ. ಆ ಜಾಗದಲ್ಲಿ ಮುಂದೇನು ಎಂದು ಒಮ್ಮೆಯೂ ಹೇಳಿರಲಿಲ್ಲ. ಆಮೇಲೆ ನಿವೃತ್ತಿಯಾಗುವವರೆಗೂ, ಯಾರ ತೋಟಕ್ಕೆ ಹೋದರೂ, ಸಸಿಯ ಮಾತು ಮೊದಲು, ಕೊಡಲಿಯ ಮಾತು ಆಮೇಲೆ.