ನಮ್ಮ ಬೂತಿನಲ್ಲಿ ಸೊನ್ನೆ

ನಾನು ಜಿಲ್ಲಾ ಕೇಂದ್ರದ ನೆಹರು ನಗರದಲ್ಲಿರುವ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಓಟು ಮಾತ್ರ ಇನ್ನೂ ಹುಟ್ಟೂರಿನಲ್ಲೇ ಇದೆ. ಅದು ಖಾನಾಪುರ ತಾಲೂಕಿನ ಕಾಡಂಚಿನ ಸಣ್ಣ ಹಳ್ಳಿ. ಹಳ್ಳ ತುಂಬಿದರೆ ಊರಿಗೆ ದಾರಿಯೇ ಇಲ್ಲ. ನನ್ನ ಹೆಂಡತಿಯ ಮೊದಲ ಹೆರಿಗೆಯ ದಿನ ಎದೆಮಟ್ಟದ ನೀರು ದಾಟಿ ಬಂದವರು ಸರ್ಕಾರಿ ದವಾಖಾನೆಯ ನರ್ಸಬಾಯಿ. ತಾಯಿ ಮಗಳು ಇಬ್ಬರೂ ಉಳಿದದ್ದು ಅವರಿಂದ.

ನಿವೃತ್ತರಾದ ಮೇಲೆ ಅವರು ವಿಧಾನಸಭೆಗೆ ಪಕ್ಷೇತರರಾಗಿ ನಿಂತರು. ಕಾಡಿನ ಊರುಗಳಿಗೆ ಸೇತುವೆ ಬೇಕು ಎಂಬುದೊಂದೇ ಅವರ ಮಾತು. ನಮ್ಮ ಮನೆಗೂ ಬಂದಿದ್ದರು.

"ಅಕ್ಕಾರ, ನೀವು ಕೇಳೂದ ಬ್ಯಾಡ್ರಿ. ನನ್ನ ಓಟು ನಿಮಗ," ಎಂದೆ.

ಆ ಹೊತ್ತಿಗೆ ಅದು ಸುಳ್ಳಾಗಿರಲಿಲ್ಲ. ಆದರೆ ಚುನಾವಣೆ ಹತ್ತಿರವಾದಂತೆ ಊರು ಎರಡು ಬಣವಾಯಿತು. ಕನ್ನಡದವರು, ಮರಾಠಿಯವರು ಎಂಬ ಮಾತಿನಲ್ಲಿ ಹಳ್ಳದ ಸುದ್ದಿಯೇ ಮುಳುಗಿಹೋಯಿತು. ಮತದಾನದ ದಿನ ಸರದಿಯಲ್ಲಿ ನನ್ನ ಮುಂದಿದ್ದ ಸೋದರಮಾವ ತಗ್ಗಿದ ದನಿಯಲ್ಲಿ ಹೇಳಿದರು, "ನರ್ಸಬಾಯಿ ಛಲೋ ಮಂದಿ, ಖರೇ. ಆದ್ರ ಆರಿಸಿ ಬರೂದಿಲ್ಲ. ಆಕಿಗೆ ಹಾಕಿದ್ರ ನಮ್ಮ ಓಟು ಒಡೀತಾವು, ಆ ಕಡಿಯವ ಬಂದ್‌ಬಿಡ್ತಾನ."

ಎಲ್ಲರಿಗಿಂತ ಒಂದು ಓಟು ಹೆಚ್ಚು ಪಡೆದವನೇ ಗೆಲ್ಲುತ್ತಾನೆ. ಹಾಗಿರುವಾಗ ಮೆಚ್ಚಿದವರಿಗೆ ಹಾಕುವುದಕ್ಕಿಂತ ಗೆಲ್ಲಬಲ್ಲವನಿಗೆ ಹಾಕುವುದೇ ಜಾಣತನ ಎಂದುಕೊಂಡೆ. ನರ್ಸಬಾಯಿಯ ಹೆಸರು ಕೆಳಗೆ ಇತ್ತು. ನೋಡಿದೆ. ಮೇಲಿದ್ದ ನಮ್ಮ ಬಣದವನ ಗುಂಡಿ ಒತ್ತಿದೆ. ಸಂಜೆ ಅವರು ಫೋನು ಮಾಡಿದಾಗ "ಹಾಕೀನ್ರಿ ಅಕ್ಕಾರ" ಎಂದೆ.

ನಾನು ಓಟು ಹಾಕಿದವನು ಭಾರೀ ಅಂತರದಲ್ಲಿ ಗೆದ್ದ. ನನ್ನ ಓಟು ಅವನಿಗೆ ಬೇಕೇ ಇರಲಿಲ್ಲ.

ಮುಂದಿನ ಮಳೆಗಾಲ ಮುಗಿದ ಮೇಲೆ ಊರಿನ ಐದಾರು ಮಂದಿ ಸೇತುವೆ ಕೇಳಲು ಶಾಸಕರ ಕಚೇರಿಗೆ ಹೋದೆವು. ಅಲ್ಲಿದ್ದ ಅವರ ಆಪ್ತ ಬೂತುವಾರು ಪಟ್ಟಿ ತೆಗೆದು ಬೆರಳಿಟ್ಟು ತೋರಿಸಿದ. "ಸೇತುವಿ ಅಂತ ನಿಂತಾಕಿಗೆ ನಿಮ್ಮೂರಾಗ ಒಂದೂ ಓಟು ಬಿದ್ದಿಲ್ಲ ನೋಡ್ರಿ. ನಿಮಗ ಅಷ್ಟು ಜರೂರ ಐತಿ ಅಂತ ಸಾಹೇಬ್ರಿಗೆ ಹೆಂಗ ಗೊತ್ತಾಗಬೇಕು?"

ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನರ್ಸಬಾಯಿಗೆ ಹಾಕಬೇಕೆಂದು ಎಲ್ಲರಿಗೂ ಮನಸ್ಸಿತ್ತು. ಉಳಿದವರು ಹಾಕುವುದಿಲ್ಲವೆಂದು ಎಲ್ಲರೂ ತಿಳಿದಿದ್ದೆವು.

ಆ ಪಟ್ಟಿಯನ್ನು ನರ್ಸಬಾಯಿಯೂ ನೋಡಿರುತ್ತಾರೆ ಎಂದು ಹೊಳೆದದ್ದು ಹೊರಗೆ ಬಂದ ಮೇಲೆ. ಮರುವಾರ ಖಾನಾಪುರದ ಅವರ ಮನೆಗೆ ಹೋದೆ.

"ಅಕ್ಕಾರ, ಅವತ್ತು ನಾ ಫೋನಿನಾಗ..."

"ಗೊತ್ತೈತಿ ತಮ್ಮಾ. ಕುಂದ್ರು."

ಚಹಾ ತಂದುಕೊಟ್ಟು ಮಗಳ ಓದಿನ ಬಗ್ಗೆ ಕೇಳಿದರು. ಏಳುವ ಮುನ್ನ, ಮುಂದಿನ ಸಲ ಮತ್ತೆ ನಿಲ್ಲಿ, ಊರೆಲ್ಲ ತಿರುಗಿ ನಾನೇ ಪ್ರಚಾರ ಮಾಡುತ್ತೇನೆ ಎಂದೆ.

"ಸೋತದ್ದಕ್ಕ ಬ್ಯಾಸರ ಇಲ್ಲಪಾ. ಗೆಲ್ತೀನಂತ ನಾನೂ ಅಂದ್ಕೊಂಡಿರಲಿಲ್ಲ," ಎಂದರು. "ನಿಮ್ಮೂರಾಗ ಒಂದ ಒಂದು ಬಿದ್ದಿದ್ರ ಮತ್ತ ನಿಲ್ತಿದ್ನಿ."

ಈ ಸಲದ ಚುನಾವಣೆಗೆ ನಾಮಪತ್ರ ಸಲ್ಲಿಸುವ ಕೊನೆಯ ದಿನ ಮುಗಿಯಿತು. ಅವರು ಸಲ್ಲಿಸಲಿಲ್ಲ.