ನನ್ನ ಮಗಳು ಮಾಡಿದ ಎಳ್ಳಮಾವಾಸ್ಯೆಯ ಭಜ್ಜಿ

ಮೊಮ್ಮಕ್ಕಳೇ, ನಿಮ್ಮ ಅತ್ತೆ, ಅಂದರೆ ನನ್ನ ಮಗಳು, ಕರೆದರೆ ತಡವಾಗಿ ತಿರುಗುತ್ತಾಳೆ. ಅದು ಸಿಟ್ಟಲ್ಲ. ಅವಳಿಗೆ ಸ್ಕಿಜೋಫ್ರೇನಿಯಾ ಎಂಬ ಕಾಯಿಲೆ ಇದೆ. ಕಾಲೇಜಿಗೆ ಹೋಗುತ್ತಿದ್ದಾಗ, ಯಾರೂ ಇಲ್ಲದ ಹೊಲದಲ್ಲಿ ಯಾರೋ ತನ್ನನ್ನು ಬೈಯುತ್ತಾರೆ ಎನ್ನುತ್ತಿದ್ದಳು. ಊಟದಲ್ಲಿ ಏನೋ ಬೆರೆಸಿದ್ದೀರಿ ಎಂದು ನಾನು ಬಡಿಸಿದ ತಾಟನ್ನು ಸರಿಸುತ್ತಿದ್ದಳು. ಬೀದರಿನ ಆಸ್ಪತ್ರೆಯ ಗುಳಿಗೆಯಿಂದ ಆ ದನಿಗಳು ಕಡಿಮೆಯಾದವು. ಇನ್ನು ಎಲ್ಲ ಮೊದಲಿನಂತೆ ಎಂದುಕೊಂಡೆ. ನಾನು ತಪ್ಪಿದ್ದು ಅಲ್ಲಿಯೇ.

ನಮ್ಮ ಚಿಂತಾಕಿಯಲ್ಲಿ ಎಳ್ಳಮಾವಾಸ್ಯೆಗೆ ಭಜ್ಜಿ ಮಾಡಿ ಹೊಲಕ್ಕೆ ಒಯ್ಯುತ್ತೇವೆ; ಎಣ್ಣೆಯಲ್ಲಿ ಕರಿಯುವುದಲ್ಲ, ಎಲ್ಲ ಕೂಡಿಸಿ ಗಟ್ಟಿಯಾಗಿ ಕುದಿಸುವ ಭಜ್ಜಿ. ಗಟ್ಟಿ ಕಾಳು ಮೊದಲು, ಆಮೇಲೆ ಕಾಯಿಪಲ್ಲೆ, ಸೊಪ್ಪು, ಹುಣಸೆಹುಳಿ. ಕಡಲೆ ಹಿಟ್ಟು ಕಟ್ಟಕಡೆಗೆ. ಒಂದು ವರ್ಷ ಅದನ್ನು ಅವಳಿಗೆ ಒಪ್ಪಿಸಿ ನಾನು ಸಜ್ಜೆ ರೊಟ್ಟಿ ಬಡಿಯುತ್ತಿದ್ದೆ. ನಡುವೆ ಯಾರೋ ಹೊರಗಿನಿಂದ ಕೂಗಿದರು. ಹೋಗಿ ಬಂದವಳು ತಾನು ಎಲ್ಲಿಗೆ ನಿಲ್ಲಿಸಿದ್ದೆ ಎಂಬುದೇ ತಿಳಿಯದೆ ಹಿಟ್ಟನ್ನು ಮೊದಲೇ ಸುರಿದಳು. ಕಾಳು ಬೇಯಲಿಲ್ಲ, ತಳ ಹತ್ತಿತು. ನಾನು ಮೈಗಳ್ಳಿ ಎಂದು ಬೈದೆ. ಅವಳು ಸೌಟು ಇಟ್ಟು ಎದ್ದಳು. ತಿಂಗಳುಗಟ್ಟಲೆ ಒಲೆಯ ಹತ್ತಿರ ಬರಲಿಲ್ಲ.

ನಿಮ್ಮ ಅಜ್ಜ ತೀರಿದ ಮೇಲೆ ಅವಳನ್ನು ಆಸ್ಪತ್ರೆಗೆ ನಾನೇ ಕರೆದೊಯ್ಯಬೇಕಾಯಿತು. ಬಸ್ಸಿನಲ್ಲಿ ಟಿಕೆಟ್ ಕೇಳಲೂ ನಾಚುವ ನಾನು ಡಾಕ್ಟರರ ಮುಂದೆ ಬಾಯಿ ಬಿಟ್ಟೆ.

"ಗುಳಿಗಿ ನುಂಗ್ತಾಳ್ರಿ, ಆದ್ರ ಮನಿ ಕೆಲ್ಸ ಮಾಡಂಗಿಲ್ರಿ."

"ಮನಸಿಲ್ಲಂತಲ್ರಿ ಅಮ್ಮಾ. ಯಾವ್ದರ ಹಿಂದ ಯಾವ್ದು ಅನ್ನೋದು ತಲ್ಯಾಗ ನಿಂದ್ರಂಗಿಲ್ಲ. ಅದೂ ಈ ರೋಗದ್ದೇ. ಗುಳಿಗಿ ದನಿ ತಡಿತದ, ಇದನ್ನ ಅಷ್ಟು ತಡಿಯಂಗಿಲ್ಲ. ಕೆಲಸ ಸಣ್ಣ ಸಣ್ಣದು ಮಾಡಿ ಕಣ್ಣಮುಂದ ಇಡ್ರಿ."

ಮರುವರ್ಷ ಅವಳೇ ಕೇಳಿದಳು, "ಅವ್ವಾ, ಭಜ್ಜಿ ನಾ ಮಾಡ್ಲೇನು?"

ಭಾಲ್ಕಿಯಿಂದ ನನ್ನ ನಾದಿನಿಯ ಮನೆಯವರೆಲ್ಲ ಬರುವವರಿದ್ದರು. ಮತ್ತೆ ಕೆಟ್ಟರೆ ಇವಳು ಇನ್ನೆಂದೂ ಸೌಟು ಹಿಡಿಯುವುದಿಲ್ಲ ಎಂಬ ಹೆದರಿಕೆ ನನಗೆ. ಆದರೂ ಹೂಂ ಎಂದೆ. ಇಬ್ಬರೂ ಕೂಡಿ ಬಟ್ಟಲುಗಳನ್ನು ಹಾಕಬೇಕಾದ ಕ್ರಮದಲ್ಲೇ ಸಾಲಾಗಿ ಇಟ್ಟೆವು. ಖಾಲಿಯಾದದ್ದನ್ನು ಬೋರಲು ಹಾಕುವುದು, ಅಷ್ಟೆ. ಟೀವಿ ಬಂದ್ ಮಾಡಿ ನಾನು ಅಡುಗೆಮನೆಯ ಬಾಗಿಲಲ್ಲಿ ಕುಳಿತೆ.

ನಾದಿನಿ ಬಂದವಳೇ ಇಣುಕಿದಳು. "ವೈನಿ, ಆಕಿ ಕೈಯಾಗ ಕೊಟ್ಟೀರಿ? ನಮಗ ಉಪಾಸ ಕೆಡವ್ಲಾಕ ಕರ್ದೀರೇನು? ಏ ಹುಡುಗಿ, ಉಪ್ಪು ಹಾಕ್ದೇನ?"

ಮಗಳ ಕೈ ನಿಂತಿತು. ಮುಂದಿನ ಬಟ್ಟಲು ಯಾವುದೆಂದು ತಿಳಿಯದೆ ಗೋಡೆ ನೋಡತೊಡಗಿದಳು. ಎಂದೂ ನಾದಿನಿಗೆ ಎದುರಾಡದ ನಾನು, "ನಡುವ ಮಾತಾಡ್ಸಬ್ಯಾಡ. ಹೊರಗ ಕೂಡು," ಎಂದೆ. ಹೇಳಿಕೊಡಲು ನನ್ನ ನಾಲಿಗೆಯೂ ತುರಿಸುತ್ತಿತ್ತು; ಹಲ್ಲು ಕಚ್ಚಿ ತಡೆದುಕೊಂಡೆ. ಅವಳು ಬೋರಲಾದ ಬಟ್ಟಲುಗಳನ್ನು ಒಂದೊಂದಾಗಿ ಮುಟ್ಟುತ್ತ ಬಂದು ಹುಣಸೆಹುಳಿ ಎತ್ತಿಕೊಂಡಳು. ಹಿಟ್ಟು ಕೊನೆಗೇ ಬಿತ್ತು.

ಹೊಲದಲ್ಲಿ ಎಲ್ಲರೂ ಉಂಡರು. ನಾದಿನಿ, "ಹುಳಿ ಜರಾ ಜಾಸ್ತಿ ಆಗ್ಯಾದ," ಎನ್ನುತ್ತ ಮತ್ತೆ ತಾಟು ಒಡ್ಡಿದಳು.

ನನ್ನ ಮಗಳು ಬಡಿಸುತ್ತಲೇ ಹೇಳಿದಳು, "ಮುಂದಿನ ವರ್ಷ ಕಮ್ಮಿ ಹಾಕ್ತೇನ್ರಿ ಅತ್ತಿ."

ಮುಂದಿನ ವರ್ಷ ಅಂದಳು! ಆ ಮಾತನ್ನು ಪಕ್ಕದ ಹೊಲದವರಿಗೂ ನಾನೇ ಹೋಗಿ ಹೇಳಿ ಬಂದೆ.