ಬಾಣದ ಗುರ್ತು ಒತ್ತಿದ್ರ ಉತ್ತರ ಯಾರಿಗೆ

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಕೂ ತಾಲ್ಲೂಕಿನ್ಯಾಗ ಹಳ್ಳಿ ಲೈಬ್ರರಿ ನಡಸೋರದು ಒಂದು ಮೇಲಿಂಗ್ ಲಿಸ್ಟ್ ಐತಿ. ಒಂದ ವಿಳಾಸಕ್ಕ ಬರದ್ರ ಎಲ್ಲಾರಿಗೂ ಹೋಗತೈತಿ. ಅದನ್ನ ಕಟ್ಟಿದಾಕಿ ನಾನು, ನೋಡಿಕೊಳ್ಳಾಕಿನೂ ನಾನ. ತಿಳವಳ್ಳಿ ಹತ್ರ ಒಂದು ಹಳ್ಳ್ಯಾಗ ಕುಂತು ನಾಕ ತಾಲ್ಲೂಕಿನ ಟಪಾಲು ಹಂಚತಾಳ ಅಂತ ನಮ್ಮವ್ವ ನಗತಾಳ. ನಗಲಿ ಬಿಡ್ರಿ. ವಾಟ್ಸಾಪ್ ಗುಂಪು ಮಾಡ್ರಿ ಅಂತ ಬುದ್ಧಿ ಹೇಳಾಕ ಬಂದೋರಿಗೆ ನಾ ಹೇಳೂದು ಇಷ್ಟ: ಹೂವಿನ ಚಿತ್ರ, ಗುಡ್ ಮಾರ್ನಿಂಗು ನಮಗ ಬ್ಯಾಡ. ಹ್ವಾದ ವರ್ಷದ ಪ್ರಶ್ನೆಗೆ ಕೊಟ್ಟ ಉತ್ತರ ಈ ವರ್ಷ ಹುಡುಕಿದ್ರೂ ಸಿಗಬೇಕು.

ಮೊದಲು ಏನಾಗತಿತ್ತು ಅಂದ್ರ, ಪರದೆ ಮೂಲ್ಯಾಗಿನ ಬಾಣದ ಗುರ್ತು ಒತ್ತಿದ್ರ ಪ್ರಶ್ನೆ ಬರದೋರಿಗೆ ಒಬ್ಬರಿಗೇ ಉತ್ತರ ಹೋಗತಿತ್ತು. ಸವಣೂರಿನೋರು ಪುಸ್ತಕಕ್ಕ ಗೆದ್ದಲ ಹತ್ತೇತ್ರಿ ಏನ ಮಾಡೂದು ಅಂತ ಕೇಳಿದ್ರ, ಬೇವಿನ ಸೊಪ್ಪಿನ ಉಪಾಯ ಅವರಿಗಷ್ಟ ಹೇಳಿ ಮಂದಿ ಸುಮ್ಮನಾಗೋರು. ಸ್ವಲ್ಪ ದಿನಕ್ಕ ಹಂಸಭಾವಿ ಕಡಿಯೋರು ಅದನ್ನ ಮತ್ತ ಕೇಳೋರು. ನನಗ ತಲಿ ಕೆಟ್ಟು ಹೋತು. ಎಲ್ಲಾರನ್ನೂ ಕೇಳಿ, ಸೆಟ್ಟಿಂಗ್ಸ್ ತಗದು, ಬಾಣ ಒತ್ತಿದ್ರ ಉತ್ತರ ಲಿಸ್ಟಿಗೇ ಹೋಗೂ ಹಂಗ ಮಾಡಿದ್ನಿ. ಹಿಂಗ ಬದಲಿ ಮಾಡೇನ್ರಿ ಅಂತ ಇಮೇಲೂ ಹಾಕಿದ್ನಿ. "ಬೇಷ್ ಆತ್ರಿ" ಅಂದ್ರು. ಒಬ್ಬರು ಮಾತ್ರ ಅದನ್ನ ಓದಿರಲಿಲ್ಲ. ಅದು ನನಗ ಆಮ್ಯಾಲೆ ತಿಳೀತು.

ಅವರು ಹಿರೇಕೆರೂರ ತಾಲ್ಲೂಕಿನ ನಮ್ಮ ಅಕ್ಕಾರು. ಬಳಗ ಏನಲ್ಲ, ನಾ ಕೆಲಸಕ್ಕ ಸೇರಿದ ಹೊಸದಾಗ ಬಾಜೂಕ ಕುಂಡ್ರಿಸಿಕೊಂಡು ಕಲಿಸಿದೋರು. ನಮ್ಮ ಮನೆತನ ಬೌದ್ಧರದು ಅಂತ ತಿಳದು ಒಂದು ತರಬೇತ್ಯಾಗ ಯಾರೋ ನನಗ ಚಾ ಕಪ್ಪು ಬ್ಯಾರೆ ಇಟ್ಟಾಗ, ಅಕ್ಕಾರು ನನ್ನ ಕಪ್ಪಿನ ಅರ್ಧ ಚಾ ತಮ್ಮ ಬಸಿಗೆ ಸುರಕೊಂಡು ಎಲ್ಲಾರ ಮುಂದ ಸೊರ್ ಅಂತ ಕುಡದ್ರು. ಅವತ್ತಿನಿಂದ ಅಕ್ಕಾರು ಅಂದ್ರ ನನಗ ಜೀವ.

ಹುಡುಗರಿಗೆ ಕಥಿ ಓದಿ ಹೇಳೂದ್ರಾಗ ಅವರನ್ನ ಮೀರಿಸೋರಿಲ್ಲ. ಅದಕ್ಕ ನಾ ಲಿಸ್ಟಿಗೆ ಬರದ್ನಿ: ಬಂಕಾಪುರದ ತರಬೇತ್ಯಾಗ ಹೊಸಬರಿಗೆ ಕಥಿ ಓದೂದನ್ನ ಅಕ್ಕಾರ ಕಲಿಸಲಿ, ಏನಂತೀರಿ? ಎಲ್ಲಾರೂ ಹೂಂ ಅಂದ್ರು. ಮಧ್ಯಾಹ್ನ ಅಕ್ಕಾರ ಉತ್ತರ ಬಂತು.

"ತಂಗಿ, ನಿನಗೊಬ್ಬಾಕಿಗೇ ಹೇಳಾಕತ್ತೇನಿ. ನನ್ನ ಕಣ್ಣು ಹೋಗಾಕತ್ತಾವ. ಸಣ್ಣ ಅಕ್ಷರ ಇರಿವಿ ಹರದಂಗ ಕಾಣತಾವ. ಡಾಕ್ಟ್ರು ಇನ್ನೇನೂ ಮಾಡಾಕ ಬರಂಗಿಲ್ಲ ಅಂದಾರ. ಪುಸ್ತಕ ಕೈಯಾಗ ಹಿಡಕೊಂಡು ಬಾಯಿಪಾಠ ಇದ್ದ ಕಥೀನ ಹೇಳತೇನಿ, ಹುಡುಗರಿಗೆ ಗೊತ್ತಿಲ್ಲ. ನೀ ಬರದದ್ದನ್ನ ಕಣ್ಣಿಗೆ ಹಚ್ಚಿಕೊಂಡು ಹೆಂಗೋ ಓದಿದ್ನಿ, ಇದನ್ನ ಫೋನಿಗೆ ಬಾಯಿಲೇ ಹೇಳಿ ಬರಸೇನಿ. ಸಾಹೇಬ್ರಿಗೆ ತಿಳದ್ರ ಕೆಲಸ ಬಿಡಸತಾರ. ಲೈಬ್ರರಿ ಬಾಗಲಾ ತಗ್ಯಾಕ ಹೋಗಲಿಲ್ಲಂದ್ರ ನಾ ಮುಂಜಾನೆ ಎದ್ದು ಏನ ಮಾಡ್ಲಿ? ಯಾರ ಮುಂದೂ ಅನಬ್ಯಾಡ."

ಓದಿ ಕಣ್ಣು ತುಂಬಿ ಬಂದ್ವು. ಕಣ್ಣು ಒರಸಿಕೊಂಡು ವಿಳಾಸ ನೋಡಿದ್ನಿ. ಬಂದದ್ದು ನನಗೊಬ್ಬಾಕಿಗೆ ಅಲ್ಲ, ಇಡೀ ಲಿಸ್ಟಿಗೆ. ಬಾಣ ಎಲ್ಲೈತಿ ಅಂತ ಅಕ್ಕಾರ ಬೆರಳಿಗೆ ರೂಢಿ ಇತ್ತು. ಅದು ಈಗ ಎಲ್ಲಾರಿಗೂ ಒಯ್ಯತೈತಿ ಅಂತ ನಾ ಬರದದ್ದು ಅವರ ಕಣ್ಣಿಗೆ ಕಂಡಿರಲಿಲ್ಲ. ಅಯ್ಯ ನಮ್ಮವ್ವ, ಲಿಸ್ಟಿನ್ಯಾಗ ಸಾಹೇಬ್ರೂ ಅದಾರಲ್ಲ!

ಹ್ವಾದ ಇಮೇಲ್ ಹೊಳ್ಳಿ ಎಳಕೊಳ್ಳಾಕ ಬರಂಗಿಲ್ಲ. ಹಂಗಂತ ಕೈ ಕಟ್ಟಿ ಕುಂಡ್ರೂ ಪೈಕಿ ನಾ ಅಲ್ಲ. ಅವತ್ತ ಸೆಟ್ಟಿಂಗ್ ಬದಲಿ ಮಾಡಿದ್ನಿ: ಬಾಣ ಒತ್ತಿದ್ರ ಬರದೋರಿಗೆ ಒಬ್ಬರಿಗೆ, ಎಲ್ಲಾರಿಗೂ ಹೇಳಬೇಕಂದ್ರ ಬಾಜೂಕ ಬ್ಯಾರೆ ಗುಂಡಿ. ಆ ಗುಂಡಿ ಅವರವರ ಕಂಪ್ಯೂಟರಿನ್ಯಾಗ ಹೆಂಗ ತರಬೇಕಂತ ಒಬ್ಬೊಬ್ಬರಿಗೂ ಫೋನ್ ಹಚ್ಚಿ ಹೇಳಿದ್ನಿ. ಅಕ್ಕಾರ ಸುದ್ದಿ ನಾನೂ ತಗೀಲಿಲ್ಲ, ಅವರೂ ತಗೀಲಿಲ್ಲ. ನಮ್ಮ ಕಡೆ ಹಿರೇ ಹೆಣ್ಮಗಳ ಸೆರಗು ಜಾರಿದ್ರ ನೋಡಿದೋರು ಮಾರಿ ಆ ಕಡೆ ತಿರುವಿ ಮಳಿ ಬೆಳಿ ಮಾತಾಡತಾರ. ಹಂಗ ಎಲ್ಲಾರೂ ಗೋವಿನಜೋಳದ ಸುದ್ದಿ ಮಾತಾಡಿದ್ರು. ಇಮೇಲ್ ಎಲ್ಲಾರಿಗೂ ಹೋಗೇತಿ ಅಂತ ಅಕ್ಕಾರಿಗೂ ನಾ ಹೇಳಲಿಲ್ಲ.

ಶಿಗ್ಗಾವಿಯೋರು ಮಾತ್ರ ಫೋನ್ ಇಡೂ ಮುಂದ ಕೇಳಿದ್ರು, "ಇಮೇಲಿನ್ಯಾಗ ಅಕ್ಷರ ದೊಡ್ಡದು ಮಾಡೂದು ಹೆಂಗ್ರಿ ಮೇಡಮ್ಮಾರ?"

"ಯಾಕ್ರಿ?"

"ಸುಮ್ನ ಕೇಳಿದ್ನಿರಿ."

ಹೇಳಿಕೊಟ್ನಿ. ಮರುದಿನ ಅವರ ಇಮೇಲ್ ಬಂತು. ಕಪಾಟಿನ ಕೀಲಿ ಕಳದೈತಿ ಅನ್ನೂ ಸುದ್ದಿ, ಅಕ್ಷರ ಮಾತ್ರ ಬಸ್ಸಿನ ಬೋರ್ಡಿನ್ಯಾಗ ಇದ್ದಂಗ. ಆಮ್ಯಾಲೆ ಸವಣೂರಿನೋರದು, ಆಮ್ಯಾಲೆ ಒಬ್ಬೊಬ್ಬರದ ಎಲ್ಲಾರದೂ ಹಂಗ. ಯಾಕಂತ ಯಾರೂ ಬರೀಲಿಲ್ಲ. ನನಗ ಎಷ್ಟ ಖುಷಿ ಆತಂದ್ರ, ಲೈಬ್ರರ್ಯಾಗ ಗದ್ದಲ ಮಾಡೂ ಹುಡುಗರಿಗೆ ಅವತ್ತ ಬೈಲಿಲ್ಲ.

ಆದ್ರ ಸಾಹೇಬ್ರು ಗಪ್ಪಗಿದ್ರು. ನನ್ನ ಜೀವ ಅಲ್ಲೇ ಸಿಕ್ಕೊಂಡಿತ್ತು. ಅಕ್ಕಾರನ್ನ ಕರಸತಾರೇನೋ, ಕೇಳತಾರೇನೋ ಅಂತ ದಿನಾ ಹೆದರಿಕಿ. ಕಡೀಕ ಅವರ ಸುತ್ತೋಲಿ ಬಂತು. ಕಾಗದಾ ಉಳಸೋರಂಗ ಸಣ್ಣ ಅಕ್ಷರದಾಗ ಬರ್ಯೂ ಮನಶಾ. ತಗದು ನೋಡಿದ್ರ ಪರದೆ ತುಂಬ ಎರಡ ಸಾಲು: "ಬಂಕಾಪುರದಲ್ಲಿ ಕಥೆ ಕಲಿಸುವವರು ಹಿರೇಕೆರೂರಿನ ಅಕ್ಕನವರು. ಈ ಸಲ ಪುಸ್ತಕವಿಲ್ಲದೆ, ಬಾಯಿಂದಲೇ ಕಥೆ ಹೇಳುವುದನ್ನು ಕಲಿಯತಕ್ಕದ್ದು."

ಸಂಜೀಕ ಅಕ್ಕಾರ ಇಮೇಲ್ ಬಂತು. ಮೊದಲು ವಿಳಾಸ ನೋಡಿದ್ನಿ. ನನಗೊಬ್ಬಾಕಿಗೇ ಬಂದಿತ್ತು.

"ತಂಗಿ, ಎಲ್ಲಾರಿಗೂ ತಿಳದೈತಿ ಅಂತ ನನಗ ಗೊತ್ತಾತು. ಪಾಪ, ಎಷ್ಟ ಜ್ವಾಪಾನ ಮಾಡಿ ಮುಚ್ಚಿಟ್ಟಾರ. ನನಗ ಗೊತ್ತಾತಂತ ನೀ ಅವರ ಮುಂದ ಅನಬ್ಯಾಡ. ಬಂಕಾಪುರಕ್ಕ ಬರ್ತೇನಿ."